ಹೆಳವ ಕೆಮ್ಮಿದ ಜಾಗ

ಅಕ್ಕೋರು ಹೋದರಂತೆ. ಕುರುಗೋಡಿನ ಕಡೆಯವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಳೆ ಬಂದ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳಿ ಬಸ್ಸು ಹತ್ತಿಬಿಟ್ಟರು. ನನಗೆ ಅಳು ಬರಬೇಕಿತ್ತು, ಮೊದಲು ಬಂದದ್ದು ನಗು. ಈ ಹೊತ್ತಿಗೆ ಅಕ್ಕೋರು ಮೇಲೆ ಚಿತ್ರಗುಪ್ತನ ಎದುರು ನಿಂತಿರುತ್ತಾರೆ. ಅವನು ಇವರ ಪಾಪಪುಣ್ಯ ಓದುವ ಮೊದಲೇ, "ಅದಿರ್ಲಿ, ನಿಮ್ಮ ತಾಯಿಯ ತಾಯಿ ತವರು ಯಾವೂರ್ರಿ?" ಎಂದು ಕೇಳಿರುತ್ತಾರೆ. ಅವನು ತಡವರಿಸುತ್ತಿರುತ್ತಾನೆ. ಆ ಪ್ರಶ್ನೆಗೆ ತಡವರಿಸದವರನ್ನು ನಾನು ಕಂಡಿಲ್ಲ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಾನು ಟ್ರೈನಿಂಗ್ ಮುಗಿಸಿ ಊರಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಸೇರಿದಾಗ ಅವರು ಅಲ್ಲಿ ಇಪ್ಪತ್ತು ವರ್ಷ ಹಳಬರು. ಮಕ್ಕಳಿಗೆ ಅಕ್ಕೋರು, ಅವರು ಬಾಡಿಗೆಗಿದ್ದ ಕೌಲ್ ಬಜಾರಿನವರಿಗೆ ತೆಲುಗಿನ ಪಂತುಲಮ್ಮ; ಎರಡಕ್ಕೂ ಅರ್ಥ ಟೀಚರಮ್ಮ. ಎತ್ತರದ, ಒಣಕಲು ಮೈಯ ಹೆಂಗಸು. ಮದುವೆಯಾಗಿರಲಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ಕಪ್ಪು ದಾರ ಬಂದಿತ್ತು. ನಡೆದರೆ ಹಿಂದೆ ಹೋರಿ ಬೆನ್ನು ಹತ್ತಿದೆಯೇನೋ ಅನ್ನಿಸಬೇಕು, ಅಂಥ ನಡಿಗೆ.

ಒಮ್ಮೆ ಮದ್ರಾಸಿನ ಕಡೆಯ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಹೆಡ್‌ಮಿಸ್ಸಿನಿಂದ ಹಿಡಿದು ಗಂಟೆ ಹೊಡೆಯುವವನವರೆಗೂ ಎಲ್ಲರೂ ನಡುಗುತ್ತಿದ್ದೆವು. ಅಕ್ಕೋರು ಅವರ ಮುಂದೆ ಕಾಫಿ ಲೋಟ ಇಡುತ್ತಾ, "ನಿಮ್ಮ ತಾಯಿಯ ತಾಯಿ ಹೆಸರೇನ್ರಿ ಸಾರ್?" ಎಂದರು. ಅವರು ಯೋಚಿಸಿ, "ಪಾಟಿ" ಎಂದರು. ತಮಿಳಿನಲ್ಲಿ ಹಾಗೆಂದರೆ ಅಜ್ಜಿ.

"ಅದು ಹೆಸರಲ್ರಿ, ಹುದ್ದೆ" ಎಂದರು ಅಕ್ಕೋರು.

ಇನ್ಸ್‌ಪೆಕ್ಟರು ಲೋಟ ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತಾ ಕೂತರು. ಹಾಜರಿ ಪುಸ್ತಕವನ್ನು ತೆರೆಯಲೇ ಇಲ್ಲ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು: ಅಜ್ಜಿಯ ಹೆಸರು ಕಾಮಾಕ್ಷಿ, ತಾಯಿಯನ್ನು ಕೇಳಿದೆ, ಇಷ್ಟು ವರ್ಷದ ಮೇಲೆ ಯಾರೋ ಕೇಳಿದರಲ್ಲ ಎಂದು ಆಕೆ ಅತ್ತಳು, ನಿಮಗೆ ನಮಸ್ಕಾರ.

ಬಟ್ಟೆ ಅಂಗಡಿಯಿಂದ ಸುತ್ತಿ ಬಂದ ದಪ್ಪ ಖಾಕಿ ಕಾಗದಗಳನ್ನು ಅಕ್ಕೋರು ಅಂಟಿಸಿ ಚಾಪೆಯಷ್ಟು ದೊಡ್ಡದು ಮಾಡುತ್ತಿದ್ದರು. ಅದರ ಮೇಲೆ ಮನೆತನಗಳ ಬಳ್ಳಿ ಬರೆಯುತ್ತಿದ್ದರು. ಗಂಡಸರಿಗೆ ನೀಲಿ ಶಾಯಿ, ಹೆಂಗಸರಿಗೆ ಕೆಂಪು. ಮನೆ ಮಾಲೀಕ ದರ್ಜಿ ಸಾಹೇಬರದ್ದೂ ಬರೆದರು. ಆ ಕಾಗದದಿಂದಾಗಿಯೇ, ಗೋಡೆಯ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಮನೆಯವರೂ ತಾವೂ ಒಬ್ಬಳೇ ಮುತ್ತಜ್ಜಿಯ ಮರಿಮಕ್ಕಳು ಎಂದು ಸಾಹೇಬರಿಗೆ ಗೊತ್ತಾಯಿತು. ಗೋಡೆ ಹಾಗೇ ಉಳಿಯಿತು, ಗೋಡೆಯ ಮೇಲೆ ಪಲಾವಿನ ತಟ್ಟೆ ದಾಟತೊಡಗಿತು.

ತಮ್ಮ ಮನೆಯ ಬಳ್ಳಿಯನ್ನು ಮಾತ್ರ ಅಕ್ಕೋರು ಯಾರಿಗೂ ತೋರಿಸುತ್ತಿರಲಿಲ್ಲ. ಅದರಲ್ಲೊಂದು ತೂತಿತ್ತು.

ಅವರದ್ದು ಕುರುಗೋಡಿನ ಹಳೆಯ ಶೈವ ಮನೆತನ. ಆ ಮನೆಗೊಂದು ವ್ರತ: ಸಿರುಗುಪ್ಪದ ನೀರು ಬೇಡ, ಸಿರುಗುಪ್ಪದ ಅಕ್ಕಿ ಬೇಡ, ಸಿರುಗುಪ್ಪದ ಸಂಬಂಧ ಬೇಡ. ನೀರು, ಸಂಬಂಧ ಬಿಡಬಹುದು. ಆದರೆ ನಮ್ಮ ಸೀಮೆಯಲ್ಲಿ ಹೊಳೆಯ ಕಾಲುವೆಯ ಭತ್ತ ಬೆಳೆಯುವ ಊರೇ ಸಿರುಗುಪ್ಪ. ಅಕ್ಕೋರ ಅಪ್ಪ ಅಂಗಡಿಯಲ್ಲಿ ಅಕ್ಕಿಯನ್ನು ಮೂಸಿ, "ಇದು ಯಾವೂರಿಂದಲೇ?" ಎಂದು ಗದರುತ್ತಿದ್ದರಂತೆ. ಅಂಗಡಿಯವನು ಸಿರುಗುಪ್ಪದ ಚೀಲದ ಮೇಲೆ ಕೈಯಿಟ್ಟು, "ಗಂಗಾವತಿದ್ರಿ ಯಜಮಾನ್ರ, ನಿಮ್ಮಾಣಿ" ಎನ್ನುತ್ತಿದ್ದನಂತೆ. ಹೀಗೆ ಮೂರು ತಲೆಮಾರು ಸಿರುಗುಪ್ಪದ ಅನ್ನ ಉಂಡೇ ಸಿರುಗುಪ್ಪವನ್ನು ಬೈದಿದ್ದರು.

ಕಾರಣ ಹಳೆಯದು. ಅಕ್ಕೋರ ಮುತ್ತಜ್ಜನ ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಚೊಚ್ಚಲ ಗಂಡುಕೂಸು ಹುಟ್ಟಿ ಆರು ತಿಂಗಳಾಗಿತ್ತು. ಒಂದು ದಿನ ಕುರುಗೋಡಿಗೆ ಸುದ್ದಿ ಬಂತು: ನೀರಿಗೆ ಹೋದಾಗ ಕಾಲು ಜಾರಿ, ಕಂಕುಳಲ್ಲಿದ್ದ ಕೂಸಿನ ಸಮೇತ ಹೊಳೆಯ ಪಾಲಾದಳು, ಹೆಣ ಸಿಗಲಿಲ್ಲ. ಕುರುಗೋಡಿನವರು ನಂಬಲಿಲ್ಲ. ಅತ್ತೆ ನೂಕಿದಳು ಎಂದರು. ಅಂದಿನಿಂದ ಕೊಡುಕೊಳ್ಳುವುದು ನಿಂತಿತು. ಸತ್ತವಳ ಹೆಸರು ಕೂಡ ಮನೆಯಲ್ಲಿ ಉಳಿಯಲಿಲ್ಲ. ಎಲ್ಲರ ಬಾಯಲ್ಲೂ ಅವಳು "ಹೊಳಿಗೆ ಹೋದಾಕಿ", ಅಷ್ಟೇ.

ಈ ಹಳೆಯ ಹುಣ್ಣು ಮತ್ತೆ ಕೆರೆದುಕೊಂಡದ್ದು ಅಕ್ಕೋರ ಅಣ್ಣನ ಮಗಳು ಶಾಂತಾಳಿಂದ. ತುಂಗಭದ್ರೆಯ ಕಾಲುವೆಯ ಸರ್ವೆಗೆಂದು ಕುರುಗೋಡಿಗೆ ಬಂದಿದ್ದ ಒಬ್ಬ ಹುಡುಗ, ಬಿಸಿಲಿಗೆ ಬಾಯಾರಿ ಅವರ ಮನೆಯಲ್ಲಿ ಮಜ್ಜಿಗೆ ಕೇಳಿದ. ಮರುದಿನವೂ ಬಾಯಾರಿತು. ಎಂಟು ದಿನ ಅದೇ ಮನೆಯ ಮುಂದೆಯೇ ಬಾಯಾರಿದ ಮೇಲೆ ಹಿರಿಯರು ಊರು ಕೇಳಿದರು. ಸಿರುಗುಪ್ಪ. ಯಾರ ಪೈಕಿ ಎಂದರು. ಅದೇ ಮನೆ! ಅಣ್ಣ ಆ ಮಜ್ಜಿಗೆ ಚೊಂಬನ್ನು ಹುಣಸೆಹಣ್ಣು ಹಚ್ಚಿಸಿ ಮೂರು ಸಲ ತೊಳೆಸಿದರು. ಶಾಂತಾ ಊಟ ಬಿಟ್ಟಳು.

ಅಕ್ಕೋರು ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, "ತಂಗಿ, ಶನಿವಾರ ಕುರುಗೋಡಿಗೆ ನಡಿ. ಹೆಳವ ಬರ್ತಾನ" ಎಂದರು. ನಾನು ಬೇಡವೆನ್ನಲಿಲ್ಲ. ಬೇಡವೆಂದರೂ ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಹೆಳವರೆಂದರೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ಆಯಾ ಮನೆಯ ವಂಶಾವಳಿ ಹಾಡಿ ಕಾಳು ಪಡೆಯುವವರು. ನಾವು ಹೋಗುವ ಹೊತ್ತಿಗೆ ಆತ ಕಟ್ಟೆಯ ಮುಂದೆ ಎತ್ತು ನಿಲ್ಲಿಸಿ ಹಾಡುತ್ತಿದ್ದ. ಇವನ ಮಗ ಅವನು, ಅವನ ಮಗ ಇವನು, ಹನ್ನೆರಡು ತಲೆ ಒಂದೇ ಉಸಿರಿನಲ್ಲಿ. ಅಣ್ಣ ಎಲೆ ಅಡಿಕೆ ಜಗಿಯುತ್ತಾ ಹೆಮ್ಮೆಯಿಂದ ಕೂತಿದ್ದರು.

"ಏನಪಾ, ಇಷ್ಟು ಮಂದಿ ಗಂಡಸರು ಒಬ್ಬರನ್ನೊಬ್ಬರು ಹಡದ್ರೇನು?" ಎಂದರು ಅಕ್ಕೋರು. "ಹೆಣ್ಣುಮಕ್ಕಳು ಎಲ್ಲಿ ಹೋದ್ರು?"

"ಹೆಣ್ಣುಮಕ್ಕಳನ್ನ ತವರಿನ ಹಾಡಿನಾಗ ಹಾಡಂಗಿಲ್ರಿ ಅವ್ವಾರ. ಅವರು ಕೊಟ್ಟ ಮನಿ ಹಾಡಿನಾಗ ಬರ್ತಾರ."

"ಹಂಗಾರ ಕೊಟ್ಟ ಮನೀದು ಹಾಡು. ಸಿರುಗುಪ್ಪದ್ದೂ ನಿನ್ನ ಹತ್ರನ ಐತೆಲ್ಲ?"

ಅಣ್ಣನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಹೆಳವ ಅವರ ಮುಖ ನೋಡಿದ, ಇವರ ಮುಖ ನೋಡಿದ. ಅಕ್ಕೋರ ಮುಖದಲ್ಲಿ ಹೆಚ್ಚು ಅಪಾಯ ಕಂಡಿರಬೇಕು, ಹಾಡಿದ. ನಾಲ್ಕೈದು ತಲೆಮಾರು ಸರಾಗವಾಗಿ ಇಳಿದು ಬಂತು. "ಬಸಲಿಂಗಪ್ಪನ ಮಗ ವೀರಪ್ಪ, ವೀರಪ್ಪಗ ಇಬ್ಬರು ಹೆಂಡರು, ಹಿರೇ ಹೆಂಡತಿ ಹೊಟ್ಟೀಲೆ..." ಅಷ್ಟರಲ್ಲಿ ಖೊಳ್ ಖೊಳ್ ಎಂದು ಕೆಮ್ಮಿದ. "...ಕಿರೇ ಹೆಂಡತಿ ಹೊಟ್ಟೀಲೆ ಮೂವರು" ಎಂದು ಮುಂದುವರಿದ.

"ಮತ್ತೊಮ್ಮೆ ಹಾಡು" ಎಂದರು ಅಕ್ಕೋರು. ಮತ್ತೆ ಅದೇ ಜಾಗದಲ್ಲಿ ಕೆಮ್ಮು. ಮೂರನೆಯ ಸಲವೂ.

"ಶೀತ ಆಗೇತೇನು?"

"ಇಲ್ರಿ ಅವ್ವಾರ. ಅಲ್ಲಿ ಕೆಮ್ಮು ಐತ್ರಿ."

"ಕೆಮ್ಮು ಐತಿ ಅಂದ್ರ?"

"ಹಾಡಿನಾಗನ ಐತ್ರಿ. ನಮ್ಮಪ್ಪ ನನಗ ಹಂಗ ಕಲಿಸ್ಯಾನ. ಅವರಪ್ಪ ಅವನಿಗೆ. ಅಲ್ಲಿ ಕೆಮ್ಮಿದ್ರ ಆ ಮನಿಯಾಗ ಒಂದು ಮೊರ ಭತ್ತ ಜಾಸ್ತಿ ಹಾಕ್ತಾರ. ಯಾಕ ಅಂತ ನಮಗೂ ಗೊತ್ತಿಲ್ಲ."

"ಅಂದ್ರ ಸುಳ್ಳು ಹಾಡ್ತೀ."

ಹೆಳವ ಎರಡೂ ಕಿವಿ ಮುಟ್ಟಿಕೊಂಡ. "ಶಿವ ಶಿವಾ! ನಮ್ಮ ಕುಲದಾಗ ಸುಳ್ಳು ಹಾಡಂಗಿಲ್ರಿ. ಕೆಮ್ಮತೀವಿ, ಅಷ್ಟ."

ಅಕ್ಕೋರು ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗುತ್ತಲೇ ಖಾಕಿ ಕಾಗದ ಬಿಚ್ಚಿ, ತೂತಿದ್ದ ಜಾಗದಲ್ಲಿ ಕೆಂಪು ಶಾಯಿಯಿಂದ "ಕೆಮ್ಮು" ಎಂದು ಬರೆದರು. ವಾಪಸು ಬರುವಾಗ ನನಗೆ ಹೇಳಿದರು: "ಕೂಸು ನಿಜವಾಗ್ಲೂ ಹೊಳಿಗೆ ಹೋಗಿದ್ರ 'ಒಬ್ಬ, ಎಳವೆಯಾಗ ಹೋದ' ಅಂತ ಹಾಡ್ತಿದ್ರು. ಹಂಗ ಎಷ್ಟೋ ಕೂಸು ಹಾಡಿನಾಗ ಅದಾವ. ಸತ್ತೋರಿಗೆ ಕೆಮ್ಮು ಬೇಕಾಗಿಲ್ಲ ತಂಗಿ. ಬದುಕಿದೋರಿಗೆ ಬೇಕು."

ಮುಂದಿನ ವಾರವೇ ಸಿರುಗುಪ್ಪದ ಬಸ್ಸು. ಇದ್ದಿಲಿನಿಂದ ಓಡುವ ಹಳೆಯ ಬಸ್ಸು, ಏರಿನಲ್ಲಿ ನಿಂತರೆ ಎಲ್ಲರೂ ಇಳಿದು ನೂಕಬೇಕು. ಎರಡನೆಯ ಸಲ ನೂಕಿ ಹತ್ತಿ ಕೂತಾಗ, ಸೆರಗಿನಿಂದ ಮಸಿ ಒರೆಸಿಕೊಳ್ಳುತ್ತಾ ಅಕ್ಕೋರು ಅಂದರು: "ಆ ಹುಡುಗನ ಅಪ್ಪಗ ನನ್ನನ್ನ ಕೇಳಿದ್ರು, ಗೊತ್ತೇನು?"

ನಾನು ಬಾಯಿ ತೆರೆದುಕೊಂಡು ನೋಡಿದೆ.

"ನನಗ ಹದಿನಾರು. ಕೇಳಾಕ ಬಂದೋರಿಗೆ ನಮ್ಮಪ್ಪ ಹೊಸ್ತಿಲು ದಾಟಗೊಡಲಿಲ್ಲ. ನಾನು ಕಿಟಕಿಯಾಗಿಂದ ನೋಡಿದ್ದೆ. ಭಾಳ ಚಂದಿದ್ದ, ಕೊಳಲು ಹಿಡಕೊಂಡ್ರ ಕೃಷ್ಣನ. ಆಮ್ಯಾಲೆ ಬಂದೋರ್ಯಾರೂ ಮನಸಿಗೆ ಬರಲಿಲ್ಲ. ಟ್ರೈನಿಂಗಿಗೆ ಹೋದೆ." ಕನ್ನಡಕದ ಮಸಿಯನ್ನೂ ಒರೆಸಿದರು. "ಸುಮ್ಮನ ಹೇಳಿದೆ. ನೀನು ಸಾಲ್ಯಾಗ ಹೇಳಬ್ಯಾಡ."

ಅಲ್ಲಿಯವರೆಗೆ ನನಗೆ ಇದೆಲ್ಲ ಆಟದಂತಿತ್ತು.

ಸಿರುಗುಪ್ಪದ ಆ ಮನೆಯ ಬಾಗಿಲಲ್ಲಿ ಅವರು ನೆಪ ಹೇಳಲಿಲ್ಲ, ಪೀಠಿಕೆ ಹಾಕಲಿಲ್ಲ. "ನಾನು ಕುರುಗೋಡಿನಾಕಿ. ನೀರಡಿಕಿ ಆಗೇತಿ, ಒಂದು ಚೊಂಬು ನೀರು ಕೊಡ್ರಿ" ಎಂದರು. ಒಳಗೆ ಒನಕೆಯ ಸದ್ದು ನಿಂತಿತು. ನೂರು ವರ್ಷದಲ್ಲಿ ಆ ಮನೆಯ ನೀರು ಮುಟ್ಟಿದ ಮೊದಲ ಕುರುಗೋಡಿನ ಹೆಂಗಸು ಅವರು. ಮನೆಯವರೆಲ್ಲ ನೆರೆದು ನೋಡುತ್ತಿದ್ದಾಗ, ಚೊಂಬು ಎತ್ತಿ ಗಟಗಟ ಕುಡಿದು, "ನೀರು ಛಲೋ ಐತಿ. ಸುಮ್ಮನ ಇಷ್ಟು ದಿನ ಬಿಟ್ಟಿದ್ವಿ" ಎಂದರು.

ಆಗ ಆ ಕೃಷ್ಣ ಹೊರಗೆ ಬಂದರು. ಹುಡುಗನ ಅಪ್ಪ. ಈಗ ಅವರ ಹೊಟ್ಟೆ ಒಂದು ಗಳಿಗೆ ಮೊದಲು ಬಂತು, ಅವರು ಆಮೇಲೆ ಬಂದರು. ಬಲು ಒಳ್ಳೆಯ ಮನುಷ್ಯ. ನಮ್ಮನ್ನು ಕೂರಿಸಿ, ನಶ್ಯ ಏರಿಸಿ, ಪೂರಾ ಒಂದು ತಾಸು ತಮ್ಮ ಹೊಟ್ಟೆಯುಬ್ಬರದ ಬಗ್ಗೆ ಹೇಳಿದರು. ಬದನೆಕಾಯಿ ತಿಂದರೆ ಏನಾಗುತ್ತದೆ, ಅಲಸಂದಿ ತಿಂದರೆ ಯಾವ ಕಡೆ ಹಿಡಿಯುತ್ತದೆ, ಓಮ ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ, ಎಲ್ಲ. ಅಕ್ಕೋರು ತಲೆಯಾಡಿಸುತ್ತಾ ಕೇಳಿದರು. ಅವರು ಎದ್ದು ಒಳಗೆ ಹೋದದ್ದೇ ತಡ, ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: "ಬಚಾವಾದೆನಲ್ಲೇ ಯವ್ವಾ!"

ಆ ಮನೆಯ ಅಜ್ಜಿಗೆ ಎಂಬತ್ತೆಂಟು. ಹುಡುಗನ ಮುತ್ತಜ್ಜಿ. ನಡುಮನೆಯ ಕಂಬಕ್ಕೊರಗಿ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಅಕ್ಕೋರು ಎದುರಿಗೆ ಕೂತು, "ಅಜ್ಜಿ, ಹೆಳವ ಯಾಕ ಕೆಮ್ಮತಾನ?" ಎಂದರು.

ಅಜ್ಜಿ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ ಬೊಚ್ಚುಬಾಯಲ್ಲಿ ನಕ್ಕಳು. "ನಿನ್ನನ್ನ ಕೇಳಾಕ ಕಳಿಸಿದಾಕಿನೂ ನಾನ. ಸೊಸಿಯಾಗಿ ಬಂದಿದ್ರ ಅವತ್ತ ಹೇಳ್ತಿದ್ದೆ."

"ಈಗ ಹೇಳು."

"ಈಗೇನು, ಹೇಳ್ತೀನಿ. ಆಗ ಹೇಳಿದ್ರ ಕುಲದಿಂದ ಹೊರಗ ಹಾಕ್ತಿದ್ರು. ಈಗ ನನ್ನನ್ನ ಎಲ್ಲಿ ಹಾಕ್ತಾರ? ಮಣ್ಣಾಗ ಹಾಕ್ತಾರ."

ಅದು ವಾಂತಿಭೇದಿಯ ವರ್ಷವಂತೆ. ಮೂರು ದಿನದಲ್ಲಿ ಆ ಮನೆಯಲ್ಲಿ ಮೂರು ಹೆಣ. ಮೊದಲು ಅತ್ತೆ, ಕುರುಗೋಡಿನವರು ಕೊಲೆಗಾತಿ ಎಂದು ಶಪಿಸುತ್ತಾ ಬಂದವಳು. ಆಮೇಲೆ ಮೈದುನ. ಅವರಿಬ್ಬರ ಆರೈಕೆ ಮಾಡಿದ ಸೊಸೆ ಕೊನೆಗೆ. ಬೇನೆ ಬಿದ್ದ ಮನೆಯ ಬಾಗಿಲಿಗೆ ಊರವರು ಮುಳ್ಳು ಹಚ್ಚಿ ದೂರ ಉಳಿಯುವ ಕಾಲ, ಹೆಣ ಹೊರುವವರಿಲ್ಲ. ಮನೆಯ ಗಂಡಸರೇ ಗದ್ದೆಯ ಬದುವಿನಲ್ಲಿ ಮೂವರನ್ನೂ ಮಣ್ಣು ಮಾಡಿದರು. ಆರು ತಿಂಗಳ ಕೂಸು ತೊಟ್ಟಿಲಲ್ಲಿ ಒಂದೇ ಸಮ ಅಳುತ್ತಿತ್ತು. ಬಂಧುಗಳು ಯಾರೂ ಹತ್ತಿರ ಸುಳಿಯಲಿಲ್ಲ. ಸುಳಿದವಳು ಒಬ್ಬಳೇ. ಅವರ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ, ಊರ ಹೊರಗಿನ ಕೇರಿಯ ಕೂಲಿ ಹೆಂಗಸು. ಅವಳ ಮಡಿಲಲ್ಲೂ ಮೊಲೆ ಕುಡಿಯುವ ಕೂಸಿತ್ತು. ಯಾರನ್ನೂ ಕೇಳದೆ ಒಳಗೆ ಬಂದು ಈ ಕೂಸನ್ನೂ ಎತ್ತಿಕೊಂಡು ತನ್ನ ಗುಡಿಸಲಿಗೆ ನಡೆದುಬಿಟ್ಟಳು. ಒಂದು ವರ್ಷ ಎರಡಕ್ಕೂ ಹಾಲು ಕೊಟ್ಟಳು.

"ಕೂಸು ಉಳೀತು, ಮರ್ಯಾದಿ ಉಳೀಲಿಲ್ಲ ಅಂತ ಇವರ ಸಂಕಟ" ಎಂದಳು ಅಜ್ಜಿ. "ತಾಯಿ ಬ್ಯಾನ್ಯಾಗ ಹೋದ್ಲು ಅಂದ್ರ ಕೂಸಿನ ಮಾತು ಬರ್ತಿತ್ತು. ಕೂಸು ಐತಿ ಅಂದ್ರ ತವರಿನೋರು ಓಡಿ ಬರ್ತಿದ್ರು, ಎಲ್ಲೈತಿ ಅಂತ ಕೇಳ್ತಿದ್ರು. ಅದಕ್ಕ ಇಬ್ಬರನ್ನೂ ಹೊಳಿಗೆ ಹಾಕಿದ್ರು, ಬಾಯಿಮಾತಿನಾಗ. ಮುಂದ ಎರಡನೇ ಹೆಂಡತಿ ಬಂದ್ಳು. ಕೂಸು ಆಕೀದ ಅಂತ ಊರಿಗೆ ಹೇಳಿದ್ರು."

"ಆ ಕೂಸು?"

"ನನ್ನ ಗಂಡ" ಎಂದಳು ಅಜ್ಜಿ. "ಸಾಯೋತನಕ ಪ್ರತಿ ವರ್ಷ ಒಂದು ಸೀರಿ ತಗೊಂಡು ಆ ಕೇರಿಗೆ ಹೋಗ್ತಿದ್ದ. ಅವ್ವಾ ಅಂತ ಕರೀತಿದ್ದ. ಸೀರಿ ಹೊತಗೊಂಡು ನಾನೂ ಹೋಗ್ತಿದ್ದೆ."

ಅಕ್ಕೋರಿಗೆ ಪ್ರಶ್ನೆ ಹೊಳೆಯದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಮಡಚಿದ್ದ ಕಾಗದ ಕೈಗೆತ್ತಿಕೊಂಡು, ಸಣ್ಣ ದನಿಯಲ್ಲಿ, "ಆಕೀ ಹೆಸರೇನಜ್ಜಿ?" ಎಂದರು.

"ಯಾರದವಾ? ಹಡದಾಕೀದೊ, ಹಾಲು ಕೊಟ್ಟಾಕೀದೊ?"

"ಇಬ್ಬರದೂ."

"ಹಡದಾಕಿ ಹಂಪಮ್ಮ. ಹಾಲು ಕೊಟ್ಟಾಕಿ ಹುಲಿಗೆಮ್ಮ."

ಅಕ್ಕೋರು ಕಾಗದ ಬಿಚ್ಚಿದರು. "ಕೆಮ್ಮು" ಎಂಬುದನ್ನು ಹೊಡೆದು ಹಾಕಿ ಎರಡು ಹೆಸರು ಬರೆದರು, ಎರಡೂ ಕೆಂಪಿನಲ್ಲಿ, ಪಕ್ಕಪಕ್ಕ. ಆ ದಿನ ಅಲ್ಲೇ ಉಂಡೆವು. ಮಧ್ಯಾಹ್ನ ಅಜ್ಜಿ ಮೊಮ್ಮಗನ, ಅಂದರೆ ಆ ಕೃಷ್ಣನ, ಕೈ ಹಿಡಿದು ನಮ್ಮನ್ನು ಗದ್ದೆಗೆ ಕರೆದೊಯ್ದಳು. ಬದುವಿನಲ್ಲಿ ಮೂರು ಕಲ್ಲುಗಳಿದ್ದವು. ಅಕ್ಕೋರು ಕೊನೆಯದರ ಮುಂದೆ ಕೂತು, ಮೇಲೆ ಬೆಳೆದಿದ್ದ ಹುಲ್ಲನ್ನು ಒಂದೊಂದೇ ಎಳೆಯಾಗಿ ಕಿತ್ತರು.

ಕುರುಗೋಡಿನಲ್ಲಿ ಅಣ್ಣನ ಮುಂದೆ ಕಾಗದ ಹರಡಿದಾಗ ಮಾತ್ರ ಅವರು ಮತ್ತೆ ಮೊದಲಿನ ಅಕ್ಕೋರು. "ನೋಡು. ನೂರು ವರ್ಷ ನೀವು ಬೈದದ್ದು ಯಾರನ್ನ? ನಮ್ಮ ಮನಿ ಮಗಳ ಮೊಮ್ಮಕ್ಕಳನ್ನ."

ಅಣ್ಣ ಬೆರಳಿಟ್ಟು ಗೆರೆ ಗೆರೆ ಇಳಿದರು. ಈ ಕಡೆ ಮುತ್ತಜ್ಜನಿಂದ ನಾಲ್ಕು ತಲೆ ಇಳಿದರೆ ಶಾಂತಾ. ಆ ಕಡೆ ಅವನ ತಂಗಿ ಹಂಪಮ್ಮನಿಂದ ನಾಲ್ಕು ತಲೆ ಇಳಿದರೆ ಹುಡುಗ. ಅವರ ಮುಖ ನಿಧಾನ ಅರಳಿತು. "ಅಂದ್ರ... ಸೋದರತ್ತಿ ಪೈಕಿ ಆತಲ್ಲೇ! ಹೆಣ್ಣು ಕೇಳಾಕ ಅವರು ಹಕ್ಕಿನೋರು!" ಎಂದವರೇ, ಆ ನಿಮಿಷದಿಂದ ಈ ಸಂಬಂಧ ತಪ್ಪಿಸುವವರ ಕಾಲು ಮುರಿಯಲು ಸಿದ್ಧರಾದರು. ಆಮೇಲೆ ಬೆರಳು ಹುಲಿಗೆಮ್ಮನ ಮೇಲೆ ಬಂದು ನಿಂತಿತು. ದನಿ ಇಳಿಸಿ ಕೇಳಿದರು: "ಇದೊಂದು ಜಾಗದಾಗ ಕೆಮ್ಮೂಣೇನವಾ?"

"ನಿನಗ ಕೆಮ್ಮು ಬಂದ್ರ ಕಷಾಯ ಕುಡಿ ಅಣ್ಣಾ. ಆಕಿ ಹಾಲು ಕೊಡದಿದ್ರ ನಿನ್ನ ಮಗಳಿಗೆ ಈ ಹುಡುಗ ಎಲ್ಲಿಂದ ಬರ್ತಿದ್ದ?"

ಹುಲಿಗೆಮ್ಮನ ಮೊಮ್ಮಗ ಆಗಲೇ ಮುದುಕ. ಅಕ್ಕೋರು ತಾವೇ ಹೋಗಿ ಮದುವೆಗೆ ಕರೆದಾಗ ಅವನು ಕೈಮುಗಿದು, "ಯಾಕ್ರಿ ಅವ್ವಾರ, ನಿಮಗೂ ತೊಂದ್ರಿ, ನಮಗೂ ತೊಂದ್ರಿ" ಎಂದನಂತೆ. ಆದರೂ ಬಂದ. ಒಗೆದ ರುಮಾಲು ಸುತ್ತಿ, ಹೆಂಡತಿಯೊಂದಿಗೆ ಬಂದು ಚಪ್ಪರದ ಹೊರಗೆ ಬಿಸಿಲಲ್ಲೇ ಕೂತ. ಊಟದ ಹೊತ್ತಿಗೆ ಅಕ್ಕೋರು ಹೊರಗೆ ಹೋಗಿ ಅವರಿಬ್ಬರನ್ನೂ ಕರೆತಂದು ಮೊದಲ ಪಂಕ್ತಿಯಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

ಯಾರೋ ಒಬ್ಬರು ಎದ್ದರು. ಅವರ ಹಿಂದೆ ಇನ್ನೊಬ್ಬರು. ಎದುರಿನ ಪಂಕ್ತಿಗೆ ಪಂಕ್ತಿಯೇ ಎಲೆ ಬಿಟ್ಟು ಎದ್ದು ಹೋಯಿತು. ಮುದುಕ ಏಳಲು ನೋಡಿದ, ಅಕ್ಕೋರು ಅವನ ತೋಳು ಬಿಡಲಿಲ್ಲ. ಸಿರುಗುಪ್ಪದ ಅಜ್ಜಿ ಕೂತಲ್ಲಿಂದಲೇ, "ಅವ ನನ್ನ ಮೈದುನನ ಮಗ. ಎದ್ದು ಹೋಗೋರು ಹೋಗ್ರಿ, ಗಾಳಿ ಬರಲಿ" ಎಂದು ಕೂಗಿದಳು. ಅಣ್ಣ ತುಪ್ಪದ ಗಿಂಡಿ ಹಿಡಿದು ನಡುವೆ ನಿಂತಿದ್ದರು. ಮುಖ ಕೆಂಪಾಗಿತ್ತು. ಹೋಗುತ್ತಿದ್ದವರ ಬೆನ್ನು ನೋಡಿದರು, ಮಗಳ ಮುಖ ನೋಡಿದರು, ತಂಗಿಯ ಮುಖ ನೋಡಿದರು. ಆಮೇಲೆ ಬಗ್ಗಿ ಎಲ್ಲರಿಗಿಂತ ಮೊದಲು ಆ ಮುದುಕನ ಎಲೆಗೆ ತುಪ್ಪ ಬಡಿಸಿದರು. ಕೈ ತಡೆಯದೆ, ಎಲೆ ತುಂಬ ಹರಿಯುವಷ್ಟು ಬಡಿಸಿದರು.

ಸಂಜೆಯ ಬಸ್ಸಿಗೆ ನಾವಿಬ್ಬರೂ ಬಳ್ಳಾರಿಗೆ ಹೊರಟೆವು. ಅಕ್ಕೋರ ತೊಡೆಯ ಮೇಲೆ ದೊಡ್ಡದೊಂದು ಬುಟ್ಟಿ. ನನಗೆ ಒಳಗೊಳಗೇ ಅಳುಕು. ಸುದ್ದಿ ಶಾಲೆಯವರೆಗೂ ಬರುತ್ತದೆ, ನಾಳೆ ಯಾರು ಏನನ್ನುತ್ತಾರೋ. "ಅಷ್ಟು ಮಂದಿ ಎದ್ದು ಹೋದ್ರಲ್ರಿ ಅಕ್ಕೋರೆ, ನಿಮಗೇನೂ ಅನಸಲಿಲ್ಲೇನು?" ಎಂದೆ.

"ಅನಿಸ್ತು" ಎಂದರು ಅಕ್ಕೋರು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು. ತುಂಬ ಹೋಳಿಗೆ. "ಅಷ್ಟೂ ಮಂದೀದು ಉಳದಾವ. ತಿನ್ನು."

ಮೊದಲನೆಯದನ್ನು ಕಂಡಕ್ಟರನಿಗೆ ಕೊಟ್ಟರು. ಹಿಂದಿನ ಸೀಟಿನ ಹತ್ತಿ ಬಿಡಿಸುವ ಹೆಂಗಸರಿಗೆ ಕೊಟ್ಟರು. ಡ್ರೈವರನ ಬಾಯಿಗೆ ತಾವೇ ಹೋಗಿ ತುರುಕಿ ಬಂದರು. ನಾನು ಮೂರು ತಿಂದೆ.